ಲೆಕ್ಕಕ್ಕೆ ಸಿಗದ ಕಾಲು ಪಾಲು

ಬಿಸಿಲೇರಿದ ಮೇಲೆ ಹೊಡೆ ಒಡೆದ ಭತ್ತದ ಗದ್ದೆಗಿಳಿದು ತೆನೆಯೊಂದನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಹಸಿರು ಹೊಟ್ಟಿನ ಎರಡು ಹೋಳು ಬಾಯಿ ಬಿಟ್ಟು, ನೂಲಿನಂಥ ಎಳೆಗಳ ತುದಿಯಲ್ಲಿ ಆರು ಪರಾಗಕೋಶಗಳು ಜೋತಾಡುತ್ತಿರುತ್ತವೆ. ಹೆಚ್ಚು ಹೊತ್ತೇನಿಲ್ಲ, ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಹೂವಿನ ಹೆಣ್ಣು ಭಾಗದ ತುದಿಯಾದ ಗರಿಯಂಥ ಶಲಾಕಾಗ್ರದ ಮೇಲೆ ಪರಾಗ ಬಿದ್ದಿರಬೇಕು. ಬಿದ್ದ ಕಣ ಮೊಳೆತು, ಸಣ್ಣ ನಾಳವೊಂದನ್ನು ಕೆಳಗಿಳಿಸಿ, ಎರಡು ಗಂಡುಕೋಶಗಳನ್ನು ಅಂಡಾಶಯಕ್ಕೆ ಮುಟ್ಟಿಸಬೇಕು. ಒಂದರಿಂದ ಮೊಳಕೆ, ಇನ್ನೊಂದರಿಂದ ನಾವು ಅನ್ನ ಮಾಡುವ ತಿರುಳು. ತಪ್ಪಿತೋ, ಜೊಳ್ಳು.

ಈ ನಾಳ ಇಳಿಯಲು ಬೇಕಾದವರಲ್ಲಿ ಒಬ್ಬ ಹಮಾಲಿಯೂ ಇದ್ದಾನೆ. ಹೆಸರು ಇಂಪೋರ್ಟಿನ್ ಬೀಟಾ-1, ಅದೊಂದು ಪ್ರೋಟೀನು. ಪ್ರೋಟೀನುಗಳು ತಯಾರಾಗುವುದು ಕೋಶಕೇಂದ್ರದ ಹೊರಗೆ; ಡಿಎನ್‌ಎ ಮೇಲೆ ಕೆಲಸ ಮಾಡಬೇಕಾದವು ಒಳಗೆ ಹೋಗಬೇಕು. ಕೇಂದ್ರದ ಪೊರೆಯಲ್ಲಿ ರಂಧ್ರಗಳೇನೋ ಇವೆ, ಆದರೆ ಚಿಕ್ಕ ಅಣುಗಳಷ್ಟೇ ತಾವಾಗಿ ನುಸುಳುತ್ತವೆ. ದೊಡ್ಡ ಪ್ರೋಟೀನಿನ ಮೈಮೇಲಿನ ವಿಳಾಸದ ಚೀಟಿಯನ್ನು ಇಂಪೋರ್ಟಿನ್ ಆಲ್ಫಾ ಓದುತ್ತದೆ, ಬೀಟಾ ಇಬ್ಬರನ್ನೂ ಹೊತ್ತು ದಾಟಿಸುತ್ತದೆ. ಒಳಗೆ ರ್‍ಯಾನ್ ಎಂಬ ಇನ್ನೊಂದು ಪ್ರೋಟೀನು ಹೊರೆ ಇಳಿಸಿಕೊಂಡು ಬೀಟಾವನ್ನು ಖಾಲಿ ಕೈಯಲ್ಲಿ ಕಳಿಸುತ್ತದೆ.

ದಕ್ಷಿಣ ಕೊರಿಯಾದ ಗಿನ್‌ಹ್ಯೂಂಗ್ ಆನ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭತ್ತದಲ್ಲಿ ಈ ಬೀಟಾ-1 ತಯಾರಿಸುವ ಜೀನಿನ ಒಂದು ಪ್ರತಿ ಕೆಟ್ಟಿದ್ದ ಗಿಡಗಳಿದ್ದವು. ಜೀನಿನ ನಡುವೆ ತೂರಿಕೊಂಡಿದ್ದದ್ದು ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕು. ತಮಾಷೆಯೆಂದರೆ, ಆ ತುಣುಕು ಗಿಡದ ಕೋಶಕೇಂದ್ರ ಹೊಗುವುದೂ ಇಂಪೋರ್ಟಿನ್‌ಗಳ ಹೆಗಲೇರಿಯೇ!

ಇಂಥ ಗಿಡದ ಬೀಜ ಬಿತ್ತಿದರೆ ಮೆಂಡೆಲ್ ಲೆಕ್ಕದಂತೆ ನಾಲ್ಕು ಸಸಿಯಲ್ಲಿ ಒಂದು ಪೂರಾ ಸರಿ, ಎರಡು ಅರೆ ಕೆಟ್ಟವು, ಒಂದು ಪೂರಾ ಕೆಟ್ಟದ್ದು ಬರಬೇಕು. ಬಂದದ್ದು ಸರಿಯಾದವು ಅರ್ಧ, ಅರೆ ಕೆಟ್ಟವು ಅರ್ಧ. ಕೊನೆಯ ಕಾಲು ಪಾಲಿನ ಸುಳಿವೇ ಇಲ್ಲ. ಅರೆ ಕೆಟ್ಟ ಗಿಡವನ್ನು ಒಮ್ಮೆ ತಾಯಿಯಾಗಿ, ಒಮ್ಮೆ ತಂದೆಯಾಗಿ ಸರಿಯಾದ ಗಿಡದೊಡನೆ ಸಂಕರಿಸಿದಾಗ ಗುಟ್ಟು ಸಿಕ್ಕಿತು: ಕೆಟ್ಟ ಪ್ರತಿ ಹೆಣ್ಣಿನ ಕಡೆಯಿಂದ ಮರಿಗೆ ದಾಟುತ್ತದೆ, ಗಂಡಿನ ಕಡೆಯಿಂದ ದಾಟುವುದಿಲ್ಲ. ಕೆಟ್ಟ ಪ್ರತಿಯ ಪರಾಗ ನೋಡಲು ಚೆನ್ನಾಗಿಯೇ ಬಲಿಯುತ್ತದೆ. ನಾಳ ಮಾತ್ರ ಸರಿಯಾಗಿ ಉದ್ದವಾಗದು.

ಗಿಡದ ಕಾಂಡ, ಎಲೆಗಳಲ್ಲಿ ಪ್ರತಿ ಜೀನಿನ ಜೋಡಿ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಸಂಸಾರ ನಡೆಸುತ್ತದೆ. ಪರಾಗಕ್ಕೆ ಪಾಲಿಗೆ ಬರುವುದು ಒಂದೇ ಪ್ರತಿ. ಅದೂ ಕೆಟ್ಟದ್ದಾದರೆ ಸಾಲ ಕೊಡುವವರಿಲ್ಲ.

ಹಾಗೆಂದು ಅರೆ ಕೆಟ್ಟ ಗಿಡ ಬಂಜೆಯಲ್ಲ. ಒಂದು ಕಾಳಿಗೆ ಗುರಿ ಮುಟ್ಟಬೇಕಾದದ್ದು ಒಂದೇ ನಾಳ, ಉಳಿದರ್ಧ ಪರಾಗ ಅದಕ್ಕೆ ಸಾಕು. ಹೈಬ್ರಿಡ್ ಬೀಜ ಮಾಡುವವರು ಹುಡುಕುವುದು, ತನ್ನದೇ ಪರಾಗದಿಂದ ಕಾಳು ಕಟ್ಟದಿರಲೆಂದು, ಪರಾಗವೆಲ್ಲ ಸೋಲುವ ಗಿಡವನ್ನು. ಈ ಜೀನಿನ ಎರಡೂ ಪ್ರತಿ ಕೆಟ್ಟರೆ ಅಂಥದ್ದು ಸಿಗಬಹುದೇನೋ ಅನ್ನಿಸುತ್ತದೆ. ಆದರೆ ಆ ಗಿಡ ಹುಟ್ಟಲು ಕೆಟ್ಟ ಪ್ರತಿ ತಂದೆಯಿಂದಲೂ ಬರಬೇಕಲ್ಲ, ಬರುವುದೇ ಇಲ್ಲ.