ಮಳೆಗಾಲದಲ್ಲಿ ಇಂದ್ರಾಣಿ ಬದಿಯ ಬಾವಿ ನೀರು ಕುಡಿಯಬಹುದಾ?

ಪ್ರಶ್ನೆ: ನಮ್ಮ ಮನೆ ಉಡುಪಿಯ ಕೊಡವೂರು ಹತ್ತಿರ, ಇಂದ್ರಾಣಿ ಹೊಳೆಯ ಬದಿಯಲ್ಲಿ. ಬೇಸಿಗೆಯಲ್ಲಿ ಬಾವಿ ನೀರು ವಾಸನೆ ಬರುತ್ತದೆ. ಮಳೆ ಹಿಡಿದ ಮೇಲೆ ವಾಸನೆ ಇಲ್ಲ, ನೀರು ತಿಳಿ. ಆಗ ಕುಡಿಯಬಹುದಲ್ವಾ?

ಉತ್ತರ: ಹಾಗೇ ಕುಡಿಯಬೇಡಿ. ಪ್ರತಿ ಜೂನ್‌ನಲ್ಲಿ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ.

ಹೊಳೆಗೆ ಊರಿನ ಕೊಳಚೆ ಸೇರುತ್ತದೆ ಅಂತ, ಈ ಹೊಳೆ ಹಾದುಹೋಗುವ ಉಡುಪಿ ಪೇಟೆಯ ಕಲ್ಸಂಕದಲ್ಲಿ ಮೂಗು ಮುಚ್ಚಿಕೊಂಡವರಿಗೆ ಹೇಳಬೇಕಾಗಿಲ್ಲ. ತಲೆ ತಿನ್ನುವುದು ಇನ್ನೊಂದು ಮಾತು: "ನಮ್ಮ ಮಳೆ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಹಾಕುತ್ತದೆ ಮಾರಾಯ್ರೆ." ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವುದು ನಿಜ. ಹೊಳೆಯ ನೀರು ತೆಳುವಾಗುವುದೂ ನಿಜ. ಆದರೆ ನೀವು ಕುಡಿಯುವುದು ಹೊಳೆ ನೀರಲ್ಲ, ಬಾವಿಯದ್ದು.

ಜುಲೈಯಲ್ಲಿ ಒಮ್ಮೆ ಬಾವಿಕಟ್ಟೆಯಿಂದ ಬಗ್ಗಿ ನೋಡಿ. ಏಪ್ರಿಲ್‌ನಲ್ಲಿ ತಳ ಕಾಣುತ್ತಿದ್ದ ಬಾವಿಯಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿರುತ್ತದೆ. ನಿಮ್ಮ, ನೆರೆಮನೆಯ ಶೌಚದ ಗುಂಡಿಯ ಸುತ್ತಲೂ ಅಷ್ಟೇ ನೀರು ಏರಿರುತ್ತದೆ. ಬೇಸಿಗೆಯಲ್ಲಿ ಗುಂಡಿಯ ಕೊಳಚೆ ಒಣಮಣ್ಣಿನಲ್ಲಿ ನಿಧಾನ ಇಳಿದು, ಒಂದಷ್ಟು ಸೋಸಿ ಹೋಗುತ್ತಿತ್ತು. ಮಳೆಗಾಲದಲ್ಲಿ ಗುಂಡಿ, ಬಾವಿ ಎರಡೂ ಒಂದೇ ನೀರಿನಲ್ಲಿ ನಿಂತಿರುತ್ತವೆ. ವಾಸನೆ ಹೋಯಿತು, ರೋಗಾಣು ಬಂತು. ಕಣ್ಣಿಗೆ ತಿಳಿ ಕಂಡರೆ ಸಾಲದು. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ-ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು ಅನ್ನುವುದು ಭಾರತದ ಮಾನದಂಡ. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟರೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಕೊಳಚೆಯಿಂದ ಬಂದು ನೀರಿನಲ್ಲಿ ಕರಗಿದ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ಅದನ್ನೂ ಲ್ಯಾಬಿನಲ್ಲಿ ನೋಡಿಸಿ.

ಇನ್ನು ಸಮುದ್ರದ ಮಾತು. ಮಲ್ಪೆ ಕಡೆಯ ಕಡಲು ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಹೊಳೆಯನ್ನು ಹಿಂದಕ್ಕೆ ನೂಕುತ್ತದೆ. ಹೊಳೆಯ ಕೆಸರಿನಲ್ಲಿ ಕೂತ ಕೊಳಚೆ ಎಲ್ಲವೂ ತೊಳೆದು ಹೋಗುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಟೆರೇಸಿನ ಮಳೆನೀರಿನ ಪೈಪನ್ನು ಒಳಚರಂಡಿಗೆ ಕೊಟ್ಟಿದ್ದೀರಾ? ಸಾವಿರ ಚದರಡಿ ಟೆರೇಸಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗೂ ಜಾಸ್ತಿ ನೀರು. ಐದು ಜನರ ಮನೆಯ ಬಳಕೆಯ ನೀರು ಅದೇ ದಿನ 600-700 ಲೀಟರ್. ಅಂದರೆ ನಿಮ್ಮೊಂದು ಮನೆ ಒಳಚರಂಡಿಗೆ ಹದಿನಾಲ್ಕು ಮನೆಯಷ್ಟು ಭಾರ. ಜೋರು ಮಳೆಗೆ ಮ್ಯಾನ್‌ಹೋಲ್ ಮುಚ್ಚಳ ಕುಣಿದು, ಕಕ್ಕಸಿನ ನೀರು ತೋಡಿಗೆ ಇಳಿಯುವುದು ಬಹುಪಾಲು ಇದರಿಂದಲೇ. ಆ ಪೈಪ್ ಕಿತ್ತು ಇಂಗುಗುಂಡಿಗೆ ಬಿಡಿ. ಶೌಚದ ಗುಂಡಿಯ ಹತ್ತಿರ ಮಾತ್ರ ಬೇಡ.