ಚುಕ್ಕಿಯಿಂದ ಶುರುವಾಗುವ ಕಡತಗಳು: ಟರ್ಮಿನಲ್ ಕಲಿಯುವವರಿಗೆ ಟಿಪ್ಪಣಿ

ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘ಎಲ್‌ಎಸ್’ ಎಂದು ಬರೆದು ಎಂಟರ್ ಒತ್ತಿದಾಗ ಫೋಲ್ಡರಿನಲ್ಲಿ ಇರುವುದೆಲ್ಲವೂ ತೆರೆಗೆ ಬರುವುದಿಲ್ಲ. ಹೆಸರಿನ ಮೊದಲ ಅಕ್ಷರವೇ ಚುಕ್ಕಿಯಾಗಿರುವ ಕಡತಗಳನ್ನು ಈ ಆಜ್ಞೆ ಪಟ್ಟಿಯಿಂದ ಕೈಬಿಡುತ್ತದೆ. ವಿಂಡೋಸ್‌ನಲ್ಲಿ ಕಡತಕ್ಕೆ ‘ಹಿಡನ್’ ಎಂಬ ಪ್ರತ್ಯೇಕ ಗುರುತು ಇರುತ್ತದೆ. ಲಿನಕ್ಸ್‌ನಲ್ಲಿ ಅಂತಹ ಗುರುತಿಲ್ಲ, ಅದರ ತಿರುಳಾದ ಕರ್ನಲ್‌ಗೆ ಎಲ್ಲ ಕಡತಗಳೂ ಒಂದೇ. ತೋರಿಸಬೇಕೋ ಬೇಡವೋ ಎಂಬುದು ಆಯಾ ಪ್ರೋಗ್ರಾಂ ಪಾಲಿಸುವ ರೂಢಿ. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈ ರೂಢಿ ಹುಟ್ಟಿದ ಬಗೆಯನ್ನು, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ವಿವರಿಸಿದ್ದಾರೆ. ಪ್ರತಿ ಫೋಲ್ಡರಿನಲ್ಲಿ ಅದನ್ನೇ ಸೂಚಿಸುವ ಒಂದು ಚುಕ್ಕಿಯೂ ಅದರ ಮೇಲಿನ ಫೋಲ್ಡರನ್ನು ಸೂಚಿಸುವ ಎರಡು ಚುಕ್ಕಿಯೂ ಇರುತ್ತವೆ. ಇವೆರಡನ್ನು ಮಾತ್ರ ಪಟ್ಟಿಯಿಂದ ಬಿಡಲು ಬರೆದ ಕೋಡ್ ಮೊದಲ ಅಕ್ಷರವನ್ನಷ್ಟೇ ನೋಡುತ್ತಿದ್ದುದರಿಂದ ಚುಕ್ಕಿಯಿಂದ ಆರಂಭವಾಗುವ ಹೆಸರುಗಳೆಲ್ಲವೂ ಮರೆಯಾದವು. ಆಮೇಲೆ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್‌ಗಳನ್ನು ಇಂತಹ ಚುಕ್ಕಿಯ ಹೆಸರಿನ ಕಡತಗಳಲ್ಲಿಯೇ ಇಡತೊಡಗಿದವು.

ಕಲಬುರಗಿ, ಬೀದರ್, ಯಾದಗಿರಿ ಎಪಿಎಂಸಿಗಳ ತೊಗರಿ ದರವನ್ನು ಒಂದೊಂದು ಕಡತದಲ್ಲಿ ಬರೆದು ‘ತೊಗರಿ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೇವೆ ಎಂದುಕೊಳ್ಳೋಣ. ಅದರೊಳಗೇ ‘.ಟಿಪ್ಪಣಿ’ ಎಂಬ ಕಡತವೂ, ನಾವು ಮಾಡಿದ ಬದಲಾವಣೆಗಳ ಇತಿಹಾಸವನ್ನೆಲ್ಲ ಹಿಡಿದಿಡುವ ‘.ಗಿಟ್’ ಫೋಲ್ಡರೂ ಇವೆ. ‘ಎಲ್‌ಎಸ್’ ಮೂರು ಊರುಗಳ ಹೆಸರನ್ನಷ್ಟೇ ತೋರಿಸುತ್ತದೆ. ‘ಎಲ್‌ಎಸ್ -ಎ’ ಎಂದರೆ ಒಂಟಿ ಚುಕ್ಕಿ, ಜೋಡಿ ಚುಕ್ಕಿ ಸಹಿತ ಏಳು ಹೆಸರುಗಳು ಬರುತ್ತವೆ. ‘ಎ’ಯನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಆ ಎರಡು ಬಿಟ್ಟು ಐದು.

ನೋಡುವುದು ಸುಲಭ, ನಷ್ಟವಾಗುವುದು ನಕಲು ಮಾಡುವಾಗ. ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಪ್ರೋಗ್ರಾಂ, ‘ಎಲ್ಲ ಹೆಸರುಗಳು’ ಎಂಬರ್ಥದ ನಕ್ಷತ್ರ ಚಿಹ್ನೆಯನ್ನೂ ಚುಕ್ಕಿಯ ಹೆಸರುಗಳನ್ನು ಬಿಟ್ಟೇ ವಿಸ್ತರಿಸುತ್ತದೆ. ಆದ್ದರಿಂದ ‘ಸಿಪಿ -ಆರ್ ತೊಗರಿ/*’ ಎಂದು ಪೆನ್‌ಡ್ರೈವಿಗೆ ಕಳಿಸಿದರೆ ದರದ ಕಡತಗಳು ಹೋಗುತ್ತವೆ, ಟಿಪ್ಪಣಿಯೂ ಇತಿಹಾಸವೂ ಇಲ್ಲಿಯೇ ಉಳಿಯುತ್ತವೆ, ದೋಷದ ಸಂದೇಶವೊಂದೂ ಬರುವುದಿಲ್ಲ. ನಕ್ಷತ್ರದ ಬದಲು ‘ತೊಗರಿ/.’ ಎಂದೋ ಫೋಲ್ಡರಿನ ಹೆಸರನ್ನೇ ಕೊಟ್ಟೋ ನಕಲು ಮಾಡಿದರೆ ಎಲ್ಲವೂ ಹೋಗುತ್ತದೆ. ‘ಆರ್‌ಎಂ -ಆರ್ ತೊಗರಿ’ ಮಾತ್ರ ಅಡಗಿದ್ದನ್ನೂ ಸೇರಿಸಿ ಅಳಿಸುತ್ತದೆ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಚುಕ್ಕಿಯ ನಂತರ ನಕ್ಷತ್ರ ಹಾಕಿ ‘.*’ ಎಂದು ಬಳಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ: ಹಳೆಯ ಬ್ಯಾಶ್ ಆವೃತ್ತಿಗಳಲ್ಲಿ ಅದು ಜೋಡಿ ಚುಕ್ಕಿಗೂ ಹೊಂದುವುದರಿಂದ, ಅನುಮತಿ ಬದಲಿಸುವ ಆಜ್ಞೆ ಮೇಲಿನ ಫೋಲ್ಡರಿಗೂ ಹತ್ತಿಬಿಡುತ್ತದೆ.

ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಲು ಝೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ, ಕಡತಗಳನ್ನು ಅಳಿಸಿದರೂ ಜಾಗ ತೆರವಾಗದಿರುವುದನ್ನು ಹಲವರು ಗಮನಿಸಿರಬಹುದು. ಉಬುಂಟುವಿನ ಫೈಲ್ಸ್ ಕಿಟಕಿಯಿಂದ ಅಳಿಸಿದ್ದು ಅದೇ ಪೆನ್‌ಡ್ರೈವಿನ ‘.ಟ್ರ್ಯಾಶ್-1000’ ಎಂಬ ಫೋಲ್ಡರಿಗೆ ಸೇರುತ್ತದೆ. 1000 ಎಂಬುದು ಆ ಕಂಪ್ಯೂಟರಿನ ಮೊದಲ ಬಳಕೆದಾರರ ಸಂಖ್ಯೆ. ಬಳಸಿದ ಜಾಗವನ್ನು ತೋರಿಸುವ ‘ಡಿಯು -ಎಸ್‌ಎಚ್ *’ ಆಜ್ಞೆ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಕ್ಷತ್ರದ ಬದಲು ಒಂದು ಚುಕ್ಕಿ ಕೊಟ್ಟರೆ ಪೂರ್ತಿ ಮೊತ್ತ ಸಿಗುತ್ತದೆ. ಕಿಟಕಿಯಲ್ಲಿಯೇ ನೋಡಬೇಕೆಂದರೆ ಕಂಟ್ರೋಲ್ ಜೊತೆ ಎಚ್ ಒತ್ತಬೇಕು.

ಅಡಗಿಸುವುದು ರಕ್ಷಣೆಯಲ್ಲ. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಕೀಲಿಗಳಿರುವ ‘.ಎಸ್‌ಎಸ್‌ಎಚ್’ ಫೋಲ್ಡರನ್ನು ಕಾಯುವುದು ಚುಕ್ಕಿಯಲ್ಲ, ಅದರ 700 ಅನುಮತಿ, ಅಂದರೆ ಮಾಲೀಕರಿಗೆ ಮಾತ್ರ ಪ್ರವೇಶ. ಖಾಸಗಿ ಕೀಲಿಗೆ 600 ಇರಬೇಕು, ಅಂದರೆ ಮಾಲೀಕರು ಮಾತ್ರ ಓದಬಹುದು, ಬರೆಯಬಹುದು. ಎಲ್ಲರೂ ಒಂದೇ ಲಾಗಿನ್ ಬಳಸುವ ಕಾಲೇಜು ಲ್ಯಾಬಿನಲ್ಲಿ ಈ ಅನುಮತಿಯೂ ನೆರವಿಗೆ ಬರುವುದಿಲ್ಲ, ಏಕೆಂದರೆ ನಾವು ಟೈಪ್ ಮಾಡಿದ ಆಜ್ಞೆಗಳು ‘.ಬ್ಯಾಶ್_ಹಿಸ್ಟರಿ’ಯಲ್ಲಿ ಉಳಿದು, ನಂತರ ಕೂತವರಿಗೆ ಓದಲು ಸಿಗುತ್ತವೆ. ಉಬುಂಟುವಿನಲ್ಲಿ ಆಜ್ಞೆಯ ಮುಂದೆ ಒಂದು ಖಾಲಿ ಜಾಗ ಬಿಟ್ಟು ಬರೆದರೆ ಅದು ಅಲ್ಲಿ ದಾಖಲಾಗುವುದಿಲ್ಲ. ಆದರೂ ಪಾಸ್‌ವರ್ಡನ್ನು ಆಜ್ಞೆಯೊಳಗೆ ಬರೆಯದೆ, ಪ್ರೋಗ್ರಾಂ ಕೇಳಿದಾಗ ಮಾತ್ರ ಕೊಡುವುದು ಒಳ್ಳೆಯದು.