ಗೀಸರ್ ಇಡೀ ದಿನ ಆನ್ ಇದ್ದರೆ ಬಿಲ್ ಕಡಿಮೆ ಬರುತ್ತದಾ?

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಮನೆಯ ಕರೆಂಟ್ ಬಿಲ್ ಏರುತ್ತದೆ. ಗೀಸರನ್ನು ದಿನಾ ಆನ್-ಆಫ್ ಮಾಡಬೇಡಿ, ಯಾವಾಗಲೂ ಆನ್ ಇಟ್ಟುಬಿಡಿ, ಕರೆಂಟ್ ಉಳಿಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ತಣ್ಣೀರನ್ನು ಮೊದಲಿನಿಂದ ಕಾಯಿಸುವುದಕ್ಕೇ ಜಾಸ್ತಿ ಕರೆಂಟ್ ಬೇಕಂತೆ. ನಿಜವಾ ಸರ್?

ಉತ್ತರ: ನಿಜ ಅಲ್ಲ.

ಇಷ್ಟು ಹೇಳಿ ಪೆನ್ನು ಕೆಳಗಿಡಬಹುದಿತ್ತು. ಆದರೆ ಹೋದ ಚಳಿಗಾಲದಲ್ಲೂ ಇದನ್ನೇ ಹೇಳಿದ್ದೆ, ಅದರ ಹಿಂದಿನ ಚಳಿಗಾಲದಲ್ಲೂ. ಡಿಸೆಂಬರ್‌ನಲ್ಲಿ ಮಾರ್ಕೆಟ್ಟಿಗೆ ಅವರೆಕಾಯಿ ಬಂದ ಹಾಗೆ ನನಗೆ ಈ ಪ್ರಶ್ನೆ ಬರುತ್ತದೆ. ಬರೀ "ಅಲ್ಲ" ಎಂದರೆ ಯಾರೂ ನಂಬುತ್ತಿಲ್ಲ ಎಂದಾಯಿತು. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು, ಚಳಿಗಾಲದಲ್ಲಿ ಬಿಲ್ ಯಾಕೆ ಏರುತ್ತದೆ ಅನ್ನುವುದು. ಫ್ಯಾನ್ ಆಫ್ ಆಗಿದೆ, ನಮ್ಮ ಕಡೆ ರೂಮ್ ಹೀಟರ್ ಇಡುವವರು ಕಡಿಮೆ. ಉಳಿದದ್ದು ಸ್ನಾನದ ನೀರು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೊಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟ್ ಎಂದರೆ 860 ಕಿಲೊಕ್ಯಾಲರಿ. ಈ ಎರಡು ಸಂಖ್ಯೆ ಗೊತ್ತಿದ್ದರೆ ಸಾಕು, ಯಾವ ಎಲೆಕ್ಟ್ರಿಷಿಯನ್ನೂ ನಿಮಗೆ ಟೋಪಿ ಹಾಕಲಾರ. ಏಪ್ರಿಲ್‌ನಲ್ಲಿ ಮಹಡಿ ಮೇಲಿನ ಟ್ಯಾಂಕಿನ ನೀರು 28 ಡಿಗ್ರಿ ಇದೆ ಎನ್ನೋಣ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರ್ ಬಕೆಟ್ಟನ್ನು 12 ಡಿಗ್ರಿ ಏರಿಸಬೇಕು, ಅಂದರೆ 240 ಕಿಲೊಕ್ಯಾಲರಿ, ಕಾಲು ಯೂನಿಟ್ಟಿಗೆ ಸ್ವಲ್ಪ ಜಾಸ್ತಿ. ಜನವರಿಯ ಬೆಳಗಿನ ಆರು ಗಂಟೆಗೆ ಅದೇ ಟ್ಯಾಂಕಿನ ನೀರು 18 ಡಿಗ್ರಿ. ಈಗ ಏರಿಸಬೇಕಾದದ್ದು 22 ಡಿಗ್ರಿ. ಅದೇ ಬಕೆಟ್ಟಿಗೆ ಅರ್ಧ ಯೂನಿಟ್.

ಬಕೆಟ್ಟಿಗೆ ಅರ್ಧ ಯೂನಿಟ್. ಇದನ್ನು ನೆನಪಿಡಿ. ನಾಲ್ಕು ಜನರ ಮನೆ, ತಲೆಗೆ ಒಂದೂವರೆ ಬಕೆಟ್ ಎಂದರೆ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ 90. ಬೇಸಿಗೆಯಲ್ಲಿ ಇದೇ 50ರ ಆಸುಪಾಸು. ನಿಮ್ಮ ಬಿಲ್ ಏರಿದ್ದು ಇಲ್ಲಿ. ಮಗ ಹತ್ತು ನಿಮಿಷ ಶವರ್ ಕೆಳಗೆ ನಿಂತು ಹಾಡು ಹೇಳುತ್ತಾನೆ ಎಂದರೆ ಲೆಕ್ಕ ಬೇರೆ. ನಿಮಿಷಕ್ಕೆ ಎಂಟು ಲೀಟರ್ ಹಿಡಿದರೂ ನಾಲ್ಕು ಬಕೆಟ್, ಎರಡು ಯೂನಿಟ್.

ಈಗ ಆ ಪಕ್ಕದ ಮನೆಯವರ ಮಾತಿಗೆ ಬರೋಣ.

ತೂತು ಬಿದ್ದ ಬಕೆಟ್ ಒಂದನ್ನು ನೆನೆಸಿಕೊಳ್ಳಿ. ನಾಳೆ ಬೆಳಿಗ್ಗೆ ಏಳಕ್ಕೆ ನಿಮಗೆ ಒಂದು ಬಕೆಟ್ ನೀರು ಬೇಕು. ಬೆಳಿಗ್ಗೆ ಆರೂವರೆಗೆ ತುಂಬಿಸಿಕೊಂಡರೂ ಆಯಿತು. ಇಲ್ಲವೇ ಇವತ್ತಿನಿಂದಲೇ ತುಂಬಿಟ್ಟು, ಸೋರಿದಷ್ಟೂ ನಲ್ಲಿಯಿಂದ ಸುರಿಯುತ್ತಾ ರಾತ್ರಿಯಿಡೀ ಕಾಯಬಹುದು. ಯಾವುದರಲ್ಲಿ ನೀರು ಜಾಸ್ತಿ ಪೋಲಾಗುತ್ತದೆ? ನಮ್ಮ ಮನೆ ಕೆಲಸಕ್ಕೆ ಬರುವಾಕೆ ಈ ಪ್ರಶ್ನೆ ಕೇಳಿ ನಕ್ಕುಬಿಟ್ಟಳು. ಗೀಸರ್ ಎಂದರೆ ಶಾಖ ಸೋರುವ ಬಕೆಟ್. ಒಳಗೆ ಬಿಸಿ ಜಾಸ್ತಿ ಇದ್ದಷ್ಟೂ ಶಾಖ ಬೇಗ ಸೋರುತ್ತದೆ. ಆರುತ್ತಾ ಹೋದ ಹಾಗೆ ಸೋರುವುದೂ ನಿಧಾನವಾಗುತ್ತದೆ. ಲೋಟದ ಕಾಫಿ ಮೊದಲ ಐದು ನಿಮಿಷದಲ್ಲಿ ಎಷ್ಟು ಆರುತ್ತದೆ, ಆಮೇಲಿನ ಐದು ನಿಮಿಷದಲ್ಲಿ ಎಷ್ಟು ಆರುತ್ತದೆ, ನೀವೇ ನೋಡಿರುತ್ತೀರಿ.

ಹಾಗಾಗಿ ಆಫ್ ಮಾಡಿದ ಗೀಸರ್ ಕಳೆದುಕೊಳ್ಳುವ ಶಾಖ ಯಾವಾಗಲೂ ಆನ್ ಇದ್ದ ಗೀಸರ್ ಕಳೆದುಕೊಳ್ಳುವುದಕ್ಕಿಂತ ಕಡಿಮೆಯೇ. ಮತ್ತೆ ಕಾಯಿಸುವಾಗ ಹಾಕಬೇಕಾದದ್ದು ಕಳೆದುಕೊಂಡಷ್ಟನ್ನೇ, ಅದಕ್ಕಿಂತ ಒಂದು ಚೊಂಬೂ ಜಾಸ್ತಿ ಇಲ್ಲ. ಇದಕ್ಕೆ ಅಪವಾದವೇ ಇಲ್ಲ, ಸ್ವಾಮಿ.

ಇಷ್ಟು ಹೇಳಿದ ಮೇಲೂ ಮೂರು ತಕರಾರು ಬರುತ್ತವೆ. ಬಂದೇ ಬರುತ್ತವೆ.

"ನೀರು ಬಿಸಿಯಾದ ಮೇಲೆ ಅದು ತಾನೇ ಕಟ್ ಆಗುತ್ತಲ್ಲ, ಮತ್ತೆ ಕರೆಂಟ್ ಎಲ್ಲಿ ಹೋಗುತ್ತೆ?" ಕಟ್ ಆಗುತ್ತದೆ, ಹೌದು. ನೀರು ಕೆಲವು ಡಿಗ್ರಿ ಆರಿದ ಕೂಡಲೇ ಥರ್ಮೋಸ್ಟಾಟ್ ಮತ್ತೆ ಆನ್ ಮಾಡುತ್ತದೆ. ನೀವು ಆಫೀಸಿನಲ್ಲಿರುತ್ತೀರಿ, ಕೆಂಪು ದೀಪ ಹತ್ತಿದ್ದು ನೋಡಲು ಯಾರೂ ಇರುವುದಿಲ್ಲ ಅಷ್ಟೇ. ಒಂದು ಭಾನುವಾರ ಯಾರೂ ಬಿಸಿನೀರು ಬಳಸದೆ ಗೀಸರ್ ಆನ್ ಇಟ್ಟು, ಆ ದೀಪ ಒಟ್ಟು ಎಷ್ಟು ನಿಮಿಷ ಉರಿಯಿತು ಎಂದು ಬರೆದಿಡಿ. ಎರಡು ಕಿಲೊವ್ಯಾಟ್ ಗೀಸರ್ ಆದರೆ ಪ್ರತಿ 30 ನಿಮಿಷಕ್ಕೆ ಒಂದು ಯೂನಿಟ್. ಮಕ್ಕಳಿಗೆ ಒಳ್ಳೆಯ ರಜೆಯ ಕೆಲಸ.

"ಆನ್ ಮಾಡಿದ ತಕ್ಷಣ ಜೋರಾಗಿ ಕರೆಂಟ್ ಎಳೆಯುತ್ತಂತೆ." ಅದು ಮೋಟಾರಿನ ಗುಣ. ಬೋರ್‌ವೆಲ್ ಪಂಪು, ಮಿಕ್ಸಿ, ಹಳೆ ಕಾಲದ ಫ್ರಿಜ್ ಶುರುವಾಗುವಾಗ ಒಂದು ಜಗ್ಗು ಇರುತ್ತದೆ. ಅದೂ ಕ್ಷಣಮಾತ್ರ, ಬಿಲ್ಲಿನಲ್ಲಿ ಕಾಣುವಂಥದ್ದಲ್ಲ. ಗೀಸರಿನಲ್ಲಿ ಮೋಟಾರೇ ಇಲ್ಲ. ಇರುವುದು ಒಂದು ಕಾಯಿಲ್. ನೀರು ತಣ್ಣಗಿರಲಿ, ಸುಡುತ್ತಿರಲಿ, ಅದು ಎಳೆಯುವುದು ಅದೇ ಎರಡು ಕಿಲೊವ್ಯಾಟ್. ತಣ್ಣೀರಾದರೆ ಜಾಸ್ತಿ ಹೊತ್ತು ಎಳೆಯುತ್ತದೆ, ಜೋರಾಗಿ ಎಳೆಯುವುದಿಲ್ಲ.

"ಆನ್-ಆಫ್ ಮಾಡಿದರೆ ಕಾಯಿಲ್ ಸುಟ್ಟು ಹೋಗುತ್ತೆ." ಇದನ್ನು ಕೇಳಿದಾಗ ನನಗೆ ನಗು ತಡೆಯುವುದು ಕಷ್ಟ. ಇಡೀ ದಿನ ಸ್ವಿಚ್ ಹಾಕಿಟ್ಟರೆ ಥರ್ಮೋಸ್ಟಾಟ್ ತಾನೇ ಹಲವು ಸಲ ಆನ್-ಆಫ್ ಮಾಡುತ್ತದೆ. ನೀವು ಮಾಡುವುದು ದಿನಕ್ಕೆ ಒಂದು ಸಲ. ಯಾವುದು ಜಾಸ್ತಿ? ಕಾಯಿಲ್ ಸಾಯುವುದು ಬೋರ್‌ವೆಲ್ ನೀರಿನ ಸುಣ್ಣದಿಂದ. ಅದಕ್ಕೆ ಔಷಧಿ ಬೇರೆ.

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಾಗ ನನ್ನ ಹುಡುಗರಿಗೆ ಇದನ್ನು ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಒಬ್ಬನೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅವರಲ್ಲಿ ಎಷ್ಟು ಜನರ ಮನೆಯಲ್ಲಿ ಇವತ್ತು ಗೀಸರ್ ಇಡೀ ದಿನ ಉರಿಯುತ್ತಿದೆಯೋ, ದೇವರಿಗೇ ಗೊತ್ತು.

ಹಾಗಾದರೆ ಆನ್ ಇಟ್ಟರೆ ನಷ್ಟ ಎಷ್ಟು? ಗೀಸರಿನ ಮೇಲೆ ಅಂಟಿಸಿರುವ ಸ್ಟಾರ್ ಲೇಬಲ್ ಓದಿ. ನೀರು ಬಳಸದೆ ಸುಮ್ನೆ ಬಿಸಿ ಇಟ್ಟರೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಸೋರುತ್ತದೆ ಎಂದು ಅದರಲ್ಲೇ ಬರೆದಿರುತ್ತಾರೆ. ಮನೆಯಲ್ಲಿ ಬಳಸುವ 15, 25 ಲೀಟರ್ ಗೀಸರುಗಳಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಯೂನಿಟ್ ಎಂದು ಹಿಡಿಯಬಹುದು, ಹಳೆಯದಾದರೆ ಇನ್ನೂ ಜಾಸ್ತಿ. ತಿಂಗಳಿಗೆ 15ರಿಂದ 30 ಯೂನಿಟ್. ದುಡ್ಡಿನಲ್ಲಿ ನೂರಿನ್ನೂರು ರೂಪಾಯಿ, ಅಷ್ಟೇ ತಾನೇ ಅನ್ನಬೇಡಿ. ಗೃಹಜ್ಯೋತಿಯಲ್ಲಿ ಇದ್ದೀರಿ ಅಲ್ವಾ? ನಿಮಗೆ ಗೊತ್ತುಮಾಡಿದ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಜನವರಿಯಲ್ಲಿ 190ಕ್ಕೆ ನಿಲ್ಲಬೇಕಿದ್ದ ಮನೆ ಈ 20 ಯೂನಿಟ್‌ನಿಂದ 210ಕ್ಕೆ ಹೋಯಿತು ಎಂದರೆ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 1,260 ರೂಪಾಯಿ, ಮೇಲೆ ನಿಗದಿತ ಶುಲ್ಕ. ಯಾರೂ ಮುಟ್ಟದ ಬಿಸಿನೀರಿಗೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲರ ಸ್ನಾನ ಮುಗಿದು, ಟ್ಯಾಂಕ್ ಮತ್ತೆ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಉಳಿತಾಯ ಕಡಿಮೆ. ಒಳಗಿರುವ ಬಿಸಿನೀರಿನ ಶಾಖ ಆಫ್ ಮಾಡಿದ್ದರೂ ನಿಧಾನವಾಗಿ ಸೋರುತ್ತಲೇ ಇರುತ್ತದೆ. ನೀವು ಒಂದು ಚೊಂಬು ಬಿಸಿನೀರು ತೆಗೆದರೆ ಒಂದು ಚೊಂಬು ತಣ್ಣೀರು ಒಳಗೆ ಬರುತ್ತದೆ, ಕಾಯಿಲ್ ಅದನ್ನು ಕಾಯಿಸಲು ಹೊರಡುತ್ತದೆ. ಕೊನೆಯವರು ಸ್ನಾನ ಮಾಡುವಾಗ ಕಾದ ಆ ನೀರು ಯಾರಿಗೂ ಬೇಡದ್ದು. ಆದ್ದರಿಂದ ಕೊನೆಯವರು ಬಚ್ಚಲಿಗೆ ಹೋಗುವ ಮೊದಲೇ ಸ್ವಿಚ್ ಆಫ್ ಆಗಬೇಕು. 15 ಲೀಟರ್ ಟ್ಯಾಂಕ್ 60 ಡಿಗ್ರಿಗೆ ಕಾದಿದ್ದರೆ, ತಣ್ಣೀರು ಬೆರೆಸಿದಾಗ ಒಬ್ಬರಿಗೆ ಒಂದೂವರೆ ಬಕೆಟ್ ಹತ್ತಿರ ಸಿಗುತ್ತದೆ. ಚಳಿಗಾಲದಲ್ಲೂ ಅಷ್ಟು ಕಾಯಲು 22 ನಿಮಿಷ ಸಾಕು. ಒಬ್ಬರ ಹಿಂದೆ ಒಬ್ಬರು ಹೋಗಿ. ಆರಕ್ಕೆ ಅಪ್ಪ, ಒಂಬತ್ತಕ್ಕೆ ಮಗಳು, ಹನ್ನೊಂದಕ್ಕೆ ಅಜ್ಜಿ ಎಂದಾದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಸಂಜೆ ಸ್ನಾನ ಮಾಡುವವರಿಗೆ ಇನ್ನೂ ಲಾಭ. ಹಗಲೆಲ್ಲ ಬಿಸಿಲು ಕುಡಿದ ಕಪ್ಪು ಟ್ಯಾಂಕಿನ ನೀರು ಬೆಳಗಿನದಕ್ಕಿಂತ ಬೆಚ್ಚಗಿರುತ್ತದೆ.

ಗ್ಯಾಸ್ ಗೀಸರ್ ಅಗ್ಗವಲ್ಲವೇ ಎಂದು ಕೆಲವರು ಕೇಳುತ್ತಾರೆ. 14.2 ಕೆಜಿ ಸಿಲಿಂಡರ್ ನೀರು ಕಾಯಿಸುವುದರಲ್ಲಿ ಹೆಚ್ಚುಕಡಿಮೆ 150 ಯೂನಿಟ್ ಕರೆಂಟಿನ ಕೆಲಸ ಮಾಡುತ್ತದೆ. ನಿಮ್ಮ ಸಿಲಿಂಡರ್ ದರವನ್ನು 150ರಿಂದ ಭಾಗಿಸಿ, ನೀವೇ ನೋಡಿ. ಆದರೆ ಅದನ್ನು ಮುಚ್ಚಿದ ಬಚ್ಚಲಿನೊಳಗೆ ಮಾತ್ರ ಹಾಕಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಮ್ಮ ರಾಜ್ಯದಲ್ಲೇ ಎಷ್ಟೋ ಜೀವ ಹೋಗಿವೆ.

ನೀವು ಕೇಳಲಿಲ್ಲ, ಆದರೂ ಸೋಲಾರ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. "ನಮ್ಮದು ಸೋಲಾರ್, ನಮಗೆ ಚಿಂತೆ ಇಲ್ಲ" ಎನ್ನುವ ಮನೆಗಳಲ್ಲೇ ಒಮ್ಮೊಮ್ಮೆ ಬಿಲ್ ಎಲ್ಲರಿಗಿಂತ ಜಾಸ್ತಿ. ಕಾರಣ ಆ ಟ್ಯಾಂಕಿನೊಳಗೆ ಇರುವ ಬ್ಯಾಕಪ್ ಕಾಯಿಲ್. ಡಿಸೆಂಬರ್‌ನಲ್ಲಿ ಚೆನ್ನೈ ಕಡೆ ವಾಯುಭಾರ ಕುಸಿದರೆ ಬೆಂಗಳೂರಿನಲ್ಲಿ ಮೂರು ದಿನ ಮೋಡ. ನೀರು ಉಗುರುಬೆಚ್ಚಗಾಯಿತು ಎಂದು ಯಾರೋ ಬ್ಯಾಕಪ್ ಹಾಕುತ್ತಾರೆ. ಮೋಡ ಹೋಗುತ್ತದೆ, ಸ್ವಿಚ್ ಹಾಗೇ ಉಳಿಯುತ್ತದೆ. 200 ಲೀಟರನ್ನು 18ರಿಂದ 60 ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ ಹತ್ತು ಯೂನಿಟ್ ಬೇಕು. ರಾತ್ರಿಯೆಲ್ಲ ಕರೆಂಟಿನಲ್ಲಿ ಕಾದ ಟ್ಯಾಂಕಿಗೆ ಬೆಳಿಗ್ಗೆ ಸೂರ್ಯ ಬಂದು ಮಾಡುವುದೇನು? ಅವನಿಗೆ ಕೆಲಸವೇ ಉಳಿದಿರುವುದಿಲ್ಲ.

ಇದಕ್ಕೆ ಚೆಂದದ ಉಪಾಯ ಒಂದಿದೆ. ಪ್ಲಂಬರ್‌ಗೆ ಹೇಳಿ ಸೋಲಾರ್ ಪೈಪನ್ನು ಬಚ್ಚಲಿನ ಸಣ್ಣ ಗೀಸರಿನ ಒಳಬಾಯಿಗೆ ಕೊಡಿಸಿ. ಸೋಲಾರ್‌ನಿಂದ ಬಂದ 32 ಡಿಗ್ರಿ ನೀರನ್ನು 15 ಲೀಟರಿನ ಗೀಸರ್ ಬೇಕಾದಷ್ಟೇ ಏರಿಸಿ ಕೊಡುತ್ತದೆ. ಬಿಸಿಲಿದ್ದ ದಿನ ಗೀಸರ್ ಆಫ್, ನೀರು ಹಾಗೇ ಹಾದು ಬರುತ್ತದೆ. ಆದರೆ ಸೋಲಾರ್ ನೀರು ತುಂಬಾ ಸುಡುತ್ತದೆ, ಗೀಸರ್ ಆ ಬಿಸಿಯನ್ನು ತಡೆಯುತ್ತದೆಯೇ ಎಂದು ಅದರ ಪುಸ್ತಕದಲ್ಲಿ ನೋಡಿಕೊಂಡೇ ಮಾಡಿಸಿ. ಆಮೇಲೆ ಬ್ಯಾಕಪ್ ಕಾಯಿಲ್‌ನ ಎಂಸಿಬಿಯನ್ನು, ಅಂದರೆ ಅದರ ಕರೆಂಟ್ ಕಟ್ ಮಾಡುವ ಸ್ವಿಚ್ಚನ್ನು, ಇಳಿಸಿ ಮರೆತುಬಿಡಿ.

ಆ ಎಂಸಿಬಿ ಎಲ್ಲಿದೆ ಎಂದು ಮಾತ್ರ ಇವತ್ತೇ ಹುಡುಕಿಕೊಳ್ಳಿ. ಸಾಮಾನ್ಯವಾಗಿ ಟೆರೇಸಿಗೆ ಹೋಗುವ ಮೆಟ್ಟಿಲ ಹತ್ತಿರ, ಇಲ್ಲವೇ ಬೋರ್ಡಿನ ಮೂಲೆಯಲ್ಲಿ ಹೆಸರಿಲ್ಲದೆ ಇರುತ್ತದೆ. ನಮ್ಮ ಮನೆಯಲ್ಲಿ ಅದು ಒಣಗಲು ಹಾಕುವ ಹಪ್ಪಳದ ಚಾಪೆಗಳ ಹಿಂದೆ ಇತ್ತು. ಜನವರಿಯಲ್ಲಿ ನಾನೇ ಹಾಕಿದ್ದು, ಹಪ್ಪಳ ಹಾಕಲು ಏಪ್ರಿಲ್‌ನಲ್ಲಿ ಚಾಪೆ ತೆಗೆದಾಗ ನನ್ನ ಹೆಂಡತಿ ಕಂಡುಹಿಡಿದಳು.